ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರದ ಹಳೇ ನ್ಯಾರೋಗೇಜ್ ಹಾದಿ: ನೆಲದ ಮೇಲೆ ಗುರುತು ಹಿಡಿಯುವುದು ಹೇಗೆ, ಯಾವ ಇಸವಿಯನ್ನು ನಂಬುವುದು?

ಹಳೇಹಳಿ:
ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಕಡೆಗೆ ಮೊದಲು ಬಂದ ಸಣ್ಣ ರೈಲಿನ (ನ್ಯಾರೋಗೇಜ್, ಅಂದರೆ ಎರಡು ಕಂಬಿಗಳ ನಡುವೆ 762 ಮಿ.ಮೀ. ಮಾತ್ರ ಇರುವ ಹಾದಿ) ಬಗ್ಗೆ ಊರೂರಿನ ಮಟ್ಟದಲ್ಲಿ ಒಂದು ದಾಖಲೆ ಸಿದ್ಧವಾಗುತ್ತಿದೆ. ಮೂರು ಕಡೆ ಗಂಟು ಬಿದ್ದಿದೆ. ಒಂದು, ಒಂದೇ ಹಾದಿಗೆ ಬೇರೆ ಬೇರೆ ಕಾಗದಗಳಲ್ಲಿ ಬೇರೆ ಬೇರೆ ಇಸವಿ ಸಿಗುತ್ತಿದೆ. ಎರಡು, ಬೇಲಿಗೂಟ, ಜಗಲಿ ಕಂಬ, ಮನೆಯ ತೊಲೆಯಾಗಿ ನಿಂತಿರುವ ಹಳೇ ಕಂಬಿಗಳ ಮೇಲಿರುವ ಇಸವಿಯನ್ನು ಆ ಹಾದಿಯ ಇಸವಿ ಅಂತ ಹಿಡಿಯಬಹುದೇ? ಮೂರು, ಬ್ರಾಡ್‌ಗೇಜ್ (ಇವತ್ತಿನ ಅಗಲ ಹಾದಿ) ಮಾಡುವಾಗ ತಿರುವು ನೇರ ಮಾಡಿರುವ ಕಡೆ ಹಳೇ ಏರಿಯನ್ನು (ಕಂಬಿ ಕೂರಿಸಿದ್ದ ಮಣ್ಣಿನ ಒಡ್ಡನ್ನು) ಹುಡುಕುವುದು ಹೇಗೆ?

ದಫ್ತರ:
ಮೊದಲನೇ ಗಂಟು ಬಿಚ್ಚುತ್ತೇನೆ. ‘ರೈಲು ಬಂದ ವರ್ಷ’ ಅಂತ ಒಂದೇ ವರ್ಷ ಇರುವುದಿಲ್ಲ. ಮಂಜೂರಾತಿ, ಮಣ್ಣು ಕೆಲಸ ಶುರು, ಕಂಬಿ ಕೂಡಿದ್ದು, ಸರಕು ಗಾಡಿ ಓಡಿದ್ದು, ಪ್ರಯಾಣಿಕರ ಗಾಡಿ ಓಡಿದ್ದು, ಇವೆಲ್ಲ ಬೇರೆ ಬೇರೆ ದಿನಗಳು. 1890ರ ರೈಲ್ವೆ ಕಾಯಿದೆಯ ಪ್ರಕಾರ ಸರ್ಕಾರಿ ಇನ್‌ಸ್ಪೆಕ್ಟರ್ ಬಂದು ನೋಡಿ, ಸರ್ಕಾರದ ಒಪ್ಪಿಗೆ ಸಿಗುವ ತನಕ ಪ್ರಯಾಣಿಕರನ್ನು ಸಾಗಿಸುವ ಹಾಗಿರಲಿಲ್ಲ. ಅದಕ್ಕೆ ಮುಂಚೆ ಅದೇ ಕಂಬಿ ಮೇಲೆ ಜಲ್ಲಿ ಗಾಡಿ, ಸಾಮಾನು ಗಾಡಿ ಓಡುತ್ತಲೇ ಇರುತ್ತಿದ್ದವು. ಹಾಗಾಗಿ ಇಸವಿ ಬರೆದುಕೊಳ್ಳುವಾಗ ಪಕ್ಕದಲ್ಲೇ ‘ಯಾವುದರ ಇಸವಿ’ ಅಂತಲೂ ಬರೆಯಿರಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನೊಂದು ಎಡವಟ್ಟು ಲೆಕ್ಕದ ವರ್ಷದ್ದು. ಮೈಸೂರು ಸಂಸ್ಥಾನದ ಆಡಳಿತ ವರದಿಯ ವರ್ಷ ಜುಲೈಯಿಂದ ಜೂನ್‌ವರೆಗೆ. ಭಾರತ ಸರ್ಕಾರದ ರೈಲ್ವೆ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮೇ ತಿಂಗಳಲ್ಲಿ ನಡೆದ ಒಂದು ಸಂಗತಿ ಸಂಸ್ಥಾನದ ವರದಿಯಲ್ಲಿ 1915-16ರ ಕೆಳಗೆ ಬಂದರೆ, ರೈಲ್ವೆ ವರದಿಯಲ್ಲಿ 1916-17ರ ಕೆಳಗೆ ಬರುತ್ತದೆ. ಇಬ್ಬರೂ ತಪ್ಪು ಬರೆದಿಲ್ಲ.

ಹುಡುಕುವಾಗ ಹಳೇ ಹೆಸರು ಹಾಕಿ. ಬಂಗಾರಪೇಟೆ ಆಗ ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಲ್ಲಿ ಇಟ್ಟದ್ದು. ಸ್ಟೇಷನ್ನಿನ ಕೋಡ್ ಇವತ್ತಿಗೂ ‘ಬಿಡಬ್ಲ್ಯುಟಿ’, ಅಂದರೆ ಹಳೇ ಹೆಸರಿನದೇ. ‘ಬಂಗಾರಪೇಟೆ’ ಅಂತ ಹುಡುಕಿದರೆ 1913ರ ಒಂದು ಕಾಗದವೂ ಸಿಗುವುದಿಲ್ಲ. ರಾಮನಗರಕ್ಕೆ ಕ್ಲೋಸ್‌ಪೇಟೆ, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್, ಇವೂ ಇದೇ ಜಾತಿಯ ತೊಡಕು.

ಕಾಲಾನುಕ್ರಮದ ಎಲುಬುಗೂಡು ಹೀಗಿದೆ. ಮದ್ರಾಸ್ ರೈಲ್ವೆಯ ಬ್ರಾಡ್‌ಗೇಜ್ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ (ಕಂಟೋನ್ಮೆಂಟಿಗೆ) 1864ರಲ್ಲಿ ಬಂತು. ಅದು ಬೌರಿಂಗ್‌ಪೇಟೆಯನ್ನು ಮುಟ್ಟಿತೇ ಹೊರತು ಕೋಲಾರ ಊರನ್ನು ಮುಟ್ಟಲಿಲ್ಲ. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ, ಅಂದರೆ ಚಿನ್ನದ ಗಣಿಗೆ, ಬ್ರಾಡ್‌ಗೇಜ್ ಕವಲು. 1913ರಲ್ಲಿ ಬೌರಿಂಗ್‌ಪೇಟೆ–ಕೋಲಾರ ನ್ಯಾರೋಗೇಜ್. 1915ರಲ್ಲಿ ಬೆಂಗಳೂರಿನ ಕಡೆಯಿಂದ ಯಲಹಂಕ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಇನ್ನೊಂದು ನ್ಯಾರೋಗೇಜ್. 1916ರಲ್ಲಿ ಕೋಲಾರ–ಚಿಕ್ಕಬಳ್ಳಾಪುರ ಕೂಡಿ ಎರಡು ತುದಿ ಒಂದಾದವು. ಕಂಬಿ ಒಂದೇ ಆಗಿ ಕಂಡರೂ ಒಡೆತನ ಒಂದೇ ಅಲ್ಲ. ಬೆಂಗಳೂರು–ಚಿಕ್ಕಬಳ್ಳಾಪುರದ ತುಂಡು ಲೈಟ್ ರೈಲ್ವೆ ಕಂಪನಿಯ ಹೆಸರಲ್ಲಿ, ಕೋಲಾರದ ಕಡೆಯದು ಜಿಲ್ಲೆಯ ರೈಲ್ವೆ ಅಂತ, ಬೇರೆ ಬೇರೆ ಶೀರ್ಷಿಕೆಯಡಿ ದಾಖಲಾಗಿವೆ. ಒಂದೇ ಕಡತದಲ್ಲಿ ಪೂರ್ತಿ ಹಾದಿ ಹುಡುಕಿ ಸೋಲಬೇಡಿ.

ಗ್ಯಾಂಗ್‌ಮೇಟ್:
ಎರಡನೇ ಪ್ರಶ್ನೆಗೆ ನೇರ ಉತ್ತರ: ಹಿಡಿಯಬೇಡಿ. ಕಂಬಿಯ ಮೇಲಿನ ಇಸವಿ ಗಿರಣಿಯಲ್ಲಿ ಅದು ಉರುಳಿದ ಇಸವಿ. ಮೊದಲು ಮುಖ್ಯ ಮಾರ್ಗದಲ್ಲಿ ಸವೆದು, ಆಮೇಲೆ ಕವಲು ದಾರಿಗೆ ಇಳಿದು, ಆಮೇಲೆ ಸೈಡಿಂಗಿಗೆ (ಗಾಡಿ ನಿಲ್ಲಿಸುವ ಪಕ್ಕದ ಹಾದಿಗೆ), ಕೊನೆಗೆ ಹರಾಜಾಗಿ ಮನೆ ತೊಲೆಗೆ. ಕಂಬಿಯ ಆಯುಷ್ಯ ಸಾಗುವುದೇ ಹೀಗೆ. 1885 ಅಂತ ಇರುವ ಕಂಬಿ 1916ರ ಹಾದಿಯಲ್ಲಿ ಸಿಕ್ಕರೆ ಆಶ್ಚರ್ಯವೇ ಇಲ್ಲ. ಆ ಇಸವಿಯಿಂದ ಹೇಳಬಹುದಾದದ್ದು ಒಂದೇ: ಈ ಕಂಬಿ ಅದಕ್ಕಿಂತ ಮುಂಚೆ ಇಲ್ಲಿ ಇರಲಿಲ್ಲ.

ಓದುವ ಕ್ರಮ ಹೇಳುತ್ತೇನೆ. ಅಕ್ಷರ ಇರುವುದು ಕಂಬಿಯ ನಡುಪಟ್ಟಿಯಲ್ಲಿ, ಅಂದರೆ ತಲೆಗೂ ಪಾದಕ್ಕೂ ಮಧ್ಯದ ತೆಳು ಭಾಗದಲ್ಲಿ, ಉಬ್ಬಚ್ಚಾಗಿ. ಹಳೇ ಕಂಬಿಗಳಲ್ಲಿ ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿ ಇರುತ್ತದೆ. ಗಿರಣಿಯ ರೋಲರ್ ಒಂದು ಸುತ್ತು ತಿರುಗಿದಾಗಲೆಲ್ಲ ಅದೇ ಬರಹ ಮತ್ತೆ ಮೂಡುತ್ತದೆ. ಅಂದರೆ ಎರಡು ಮೂರು ಮೀಟರಿಗೊಮ್ಮೆ. ಗೂಟವಾಗಿ ನೆಟ್ಟ ಕಂಬಿಯ ಮೇಲ್ಭಾಗದಲ್ಲಿ ಕಾಣದಿದ್ದರೆ ಬರಹ ಮಣ್ಣೊಳಗೆ ಹೋಗಿರಬಹುದು. ಅದೇ ಸಾಲಿನ ಪಕ್ಕದ ಗೂಟ ನೋಡಿ.

ಸುಣ್ಣ, ಬಣ್ಣ, ತುಕ್ಕನ್ನು ತಂತಿ ಬ್ರಶ್ಶಿನಲ್ಲಿ ಮೆಲ್ಲಗೆ ಉಜ್ಜಿ. ಗ್ರೈಂಡರ್ ಹಾಕಿದರೆ ಉಬ್ಬಚ್ಚು ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಆಮೇಲೆ ಸೀಮೆಸುಣ್ಣದ ಕಡ್ಡಿಯನ್ನು ಅಡ್ಡ ಹಿಡಿದು ಸವರಿ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ, ಅಥವಾ ಟಾರ್ಚನ್ನು ಕಂಬಿಗೆ ಒರಗಿಸಿ ಹಿಡಿದು, ಫೋಟೊ ತೆಗೆಯಿರಿ. ಎದುರಿನಿಂದ ಫ್ಲ್ಯಾಶ್ ಹಾಕಿದರೆ ಅಕ್ಷರ ಸಪಾಟಾಗಿ ಮಾಯವಾಗುತ್ತದೆ. ಬರಹದಲ್ಲಿ ಗಿರಣಿಯ ಹೆಸರು, ‘ಸ್ಟೀಲ್’ ಎಂಬ ಪದ, ಇಸವಿ, ತಿಂಗಳಿಗೆ ರೋಮನ್ ಅಂಕಿ ಅಥವಾ ಗೆರೆಗಳು, ತೂಕದ ಅಂಕಿ, ಕೆಲವೊಮ್ಮೆ ತರಿಸಿಕೊಂಡ ರೈಲ್ವೆಯ ಮೊದಲಕ್ಷರಗಳು ಇರುತ್ತವೆ. ‘ಟಾಟಾ’ ಅಂತ ಇದ್ದರೆ 1912ಕ್ಕಿಂತ ಹಿಂದಿನದಲ್ಲ, ಏಕೆಂದರೆ ಸಾಕ್ಚಿಯಲ್ಲಿ (ಇಂದಿನ ಜೆಮ್‌ಶೆಡ್‌ಪುರ) ಟಾಟಾ ಉಕ್ಕು ಹೊರಬಂದದ್ದೇ ಆ ವರ್ಷ.

ಹಳೇಹಳಿ:
ಬರಹ ಪೂರ್ತಿ ಸವೆದುಹೋಗಿದ್ದರೆ ಯಾವ ಗೇಜಿನ ಕಂಬಿ ಅಂತ ಹೇಳಲು ದಾರಿ ಇದೆಯೇ?

ಗ್ಯಾಂಗ್‌ಮೇಟ್:
ಅಳತೆ ತೆಗೆಯಿರಿ. ಮುಂದೆ ಪ್ರಮಾಣೀಕೃತವಾದ ಕಂಬಿಗಳಲ್ಲಿ ಗಜ ಉದ್ದಕ್ಕೆ 50 ಪೌಂಡ್ ತೂಗುವುದು 104.8 ಮಿ.ಮೀ. ಎತ್ತರ, ಪಾದದ ಅಗಲ 100. 60 ಪೌಂಡಿನದು 114.3 ಎತ್ತರ, ಪಾದ 109.5. 75 ಪೌಂಡ್ ಅಂದರೆ 128.6 ಮತ್ತು 122.2. 90 ಪೌಂಡ್ ಅಂದರೆ 142.9 ಮತ್ತು 136.5. 50 ಮತ್ತು 60 ಮೀಟರ್‌ಗೇಜಿನ (ಕಂಬಿಗಳ ನಡುವೆ ಒಂದು ಮೀಟರ್ ಇರುವ ಹಾದಿಯ) ತೂಕ, 90 ಬ್ರಾಡ್‌ಗೇಜಿನದು. 75 ಎರಡರಲ್ಲೂ ಓಡಿದೆ. ನ್ಯಾರೋಗೇಜಿನವು ಇದಕ್ಕಿಂತ ಹಗುರ, ಸಾಮಾನ್ಯವಾಗಿ 30ರಿಂದ 35 ಪೌಂಡ್ ಆಸುಪಾಸು. ತಲೆ ಸವೆದಿರುವುದರಿಂದ ಎತ್ತರ ಮೂರು ನಾಲ್ಕು ಮಿ.ಮೀ. ಕಡಿಮೆ ಬರಬಹುದು. ಪಾದದ ಅಗಲ ಸವೆಯುವುದಿಲ್ಲ, ಅದನ್ನೇ ನಂಬಿ.

ಯಾವ ಅಳತೆಗೂ ಹೊಂದದ ಹಳೇ ಕಂಬಿಯಾದರೆ ತುದಿಯ ಮೇಲೆ ಕಾಗದ ಒತ್ತಿ ಇದ್ದಿಲಿನಲ್ಲಿ ಉಜ್ಜಿ ಆಕಾರ ತೆಗೆದುಕೊಳ್ಳಿ. ಗ್ರಾಫ್ ಹಾಳೆ ಮೇಲಿಟ್ಟು ಚದರ ಸೆಂಟಿಮೀಟರ್ ಎಣಿಸಿ. ಆ ಅಂಕಿಯನ್ನು 0.785ರಿಂದ ಗುಣಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಅಂತ ಬರುತ್ತದೆ, ಅದನ್ನು ಎರಡರಿಂದ ಗುಣಿಸಿದರೆ ಗಜಕ್ಕೆ ಪೌಂಡ್ ಹತ್ತಿರ ಹತ್ತಿರ ಸಿಗುತ್ತದೆ. ಉದಾಹರಣೆಗೆ 31.6 ಚದರ ಸೆಂ.ಮೀ. ಬಂದರೆ ಮೀಟರಿಗೆ 24.8 ಕೆ.ಜಿ., ಅಂದರೆ 50 ಪೌಂಡ್.

ತಲೆಯೂ ಪಾದವೂ ಒಂದೇ ಆಕಾರದ ದುಂಡು ಕಂಬಿ ಸಿಕ್ಕರೆ ಜೋಪಾನವಾಗಿಡಿ. ಅದು ಆರಂಭ ಕಾಲದ ಬ್ರಾಡ್‌ಗೇಜಿನ ಇಬ್ಬದಿ ತಲೆಯ ಕಂಬಿ. ಮೇಲಿನ ತಲೆ ಸವೆದ ಮೇಲೆ ಮಗುಚಿ ಹಾಕಿ ಇನ್ನೊಂದು ತಲೆ ಬಳಸಬಹುದು ಅನ್ನುವುದು ಲೆಕ್ಕಾಚಾರ. ಆಗಲಿಲ್ಲ. ಕೆಳತಲೆ ಕೂತಿದ್ದ ಎರಕದ ಕುರ್ಚಿಯ (ಕಂಬಿಯನ್ನು ಹಿಡಿದಿಡುವ ಕಬ್ಬಿಣದ ಆಸರೆಯ) ಏಟಿಗೆ ಅಲ್ಲಲ್ಲಿ ಗುಳಿ ಬೀಳುತ್ತಿತ್ತು, ಮಗುಚಿದರೆ ಗಾಡಿ ಆ ಗುಳಿಗಳ ಮೇಲೆ ಕುಲುಕುತ್ತಿತ್ತು. ಕೈಯಾಡಿಸಿದರೆ ಆ ಗುಳಿಗಳು ಇವತ್ತಿಗೂ ಬೆರಳಿಗೆ ಸಿಗುತ್ತವೆ.

ಮಟ್ಟಗೋಲು:
ಮೂರನೇ ಪ್ರಶ್ನೆ, ಏರಿ. ಬಂಗಾರಪೇಟೆ–ಕೋಲಾರ 1997ರಲ್ಲಿ, ಕೋಲಾರ–ಚಿಕ್ಕಬಳ್ಳಾಪುರ 2013ರಲ್ಲಿ ಬ್ರಾಡ್‌ಗೇಜ್ ಆಗಿ ತೆರೆದವು. ಹಳೇ ಹಾದಿ ಉಳಿದಿದ್ದರೆ ಅದು ಹೊಸ ಹಾದಿ ಬಿಟ್ಟು ಸರಿದ ತಿರುವುಗಳಲ್ಲಿ ಮಾತ್ರ.

ಮೊದಲು ಗ್ರಾಮ ನಕ್ಷೆ ತೆಗೆಯಿರಿ. ರೈಲ್ವೆಗೆ ಹೋದ ಜಮೀನು ಉದ್ದನೆಯ ಪಟ್ಟಿಯಾಗಿ ಪ್ರತ್ಯೇಕ ನಿಂತಿರುತ್ತದೆ, ಅದರ ಎರಡೂ ಕಡೆ ಒಂದೇ ಸರ್ವೆ ನಂಬರ್ ಪೋಡಿಯಾಗಿ ಒಡೆದಿರುತ್ತದೆ. ಹೊಲದ ಬದುಗಳೆಲ್ಲ ಒಂದು ದಿಕ್ಕಿಗೆ ಹೋಗುತ್ತಿರುವಾಗ ಅವನ್ನೆಲ್ಲ ಓರೆಯಾಗಿ ಸೀಳಿಕೊಂಡು ಹೋಗುವ ಗೆರೆ ಕಂಡರೆ ಅದು ಎತ್ತಿನ ಗಾಡಿ ದಾರಿಯಲ್ಲ. ಗಾಡಿ ದಾರಿ ಬದುವನ್ನು ಅನುಸರಿಸುತ್ತದೆ, ರೈಲು ಅನುಸರಿಸುವುದಿಲ್ಲ. ಆಮೇಲೆ ಹಳೇ ಸರ್ವೆ ಆಫ್ ಇಂಡಿಯಾ ಟೋಪೋ ಶೀಟುಗಳು: ಚಿಕ್ಕಬಳ್ಳಾಪುರ 57ಜಿ, ಕೋಲಾರ 57ಕೆ, ಬಂಗಾರಪೇಟೆ 57ಎಲ್.

ನೆಲದ ಮೇಲೆ ಏರಿಯ ನೆತ್ತಿ ಅಳೆಯಿರಿ. ಒಂಟಿ ಹಾದಿಗೆ ಪುಸ್ತಕದ ಅಳತೆ ಬ್ರಾಡ್‌ಗೇಜಿಗೆ 6.10 ಮೀಟರ್, ಮೀಟರ್‌ಗೇಜಿಗೆ 4.88, ನ್ಯಾರೋಗೇಜಿಗೆ 3.70. ನೂರು ವರ್ಷದ ಮಳೆಗೆ ಅಂಚು ಜಾರಿರುತ್ತದೆ, ಅದಕ್ಕೇ ಒಂದೇ ಕಡೆ ಅಳೆದು ತೀರ್ಮಾನಿಸಬೇಡಿ. ಐವತ್ತು ಹೆಜ್ಜೆಗೊಂದರಂತೆ ಹತ್ತು ಕಡೆ ಅಳೆದು ಅತಿ ಅಗಲದ ಮೂರನ್ನು ಲೆಕ್ಕಕ್ಕಿಡಿ.

ಏರಿಯ ಪಕ್ಕ ಗುಂಡಿಗಳ ಸಾಲು ಇರುತ್ತದೆ, ಏರಿಗೆ ಮಣ್ಣು ತೆಗೆದದ್ದು. ಕೆಲವು ಗುಂಡಿಗಳ ನಡುವೆ ಮಂಡಿಯೆತ್ತರದ, ಮೇಲ್ಗಡೆ ಹುಲ್ಲಿರುವ ಮಣ್ಣಿನ ದಿಬ್ಬ ಒಂಟಿಯಾಗಿ ನಿಂತಿರುತ್ತದೆ. ಎಷ್ಟೋ ಜನ ಅದನ್ನು ಸಮಾಧಿ ಅಂದುಕೊಳ್ಳುತ್ತಾರೆ. ಅದು ಸಾಕ್ಷಿದಿಬ್ಬ. ಅಗೆದವರಿಗೆ ಕೂಲಿ ಕೊಡುವುದು ಗುಂಡಿಯ ಆಳದ ಲೆಕ್ಕದಲ್ಲಿ. ಮೂಲ ನೆಲ ಎಲ್ಲಿತ್ತು ಅಂತ ತೋರಿಸಲು ಅಷ್ಟು ಜಾಗ ಅಗೆಯದೆ ಬಿಡುತ್ತಿದ್ದರು. ದಿಬ್ಬದ ತಲೆಯಿಂದ ಗುಂಡಿಯ ತಳಕ್ಕೆ ಅಳೆದು, ಉದ್ದ ಅಗಲದಿಂದ ಗುಣಿಸಿದರೆ ಆ ತಂಡ ಎಷ್ಟು ಮಣ್ಣು ಹೊತ್ತಿತು ಅನ್ನುವುದು ಇವತ್ತೂ ತಿಳಿಯುತ್ತದೆ. ಈ ಭಾಗದ ರೈಲ್ವೆ ಇತಿಹಾಸದಲ್ಲಿ ಕೂಲಿಯವರ ಕೆಲಸಕ್ಕೆ ಇಷ್ಟು ನೇರವಾದ ಗುರುತು ಬೇರೆ ಇಲ್ಲ. ದಯವಿಟ್ಟು ಜೆಸಿಬಿ ಬರುವ ಮುಂಚೆ ಅವನ್ನು ದಾಖಲಿಸಿ.

ತಿರುವು ಅಳೆಯುವುದು ಸುಲಭ. ಉಪಗ್ರಹ ಚಿತ್ರದಲ್ಲಿ ತಿರುವಿನ ಎರಡು ಬಿಂದುಗಳ ನಡುವೆ 200 ಮೀಟರ್ ಗೆರೆ ಎಳೆಯಿರಿ. ಗೆರೆಯ ಮಧ್ಯದಿಂದ ಏರಿಯ ನಡುವಿಗೆ ಎಷ್ಟು ದೂರ ನೋಡಿ. 40,000ವನ್ನು ಆ ದೂರದ ಎಂಟು ಪಟ್ಟಿನಿಂದ ಭಾಗಿಸಿ. 10 ಮೀಟರ್ ಬಂದರೆ ತ್ರಿಜ್ಯ 500 ಮೀಟರ್. 40 ಮೀಟರ್ ಬಂದರೆ ಗೆರೆ ಚಿಕ್ಕದು ಮಾಡಿ, 100 ಮೀಟರಿಗೆ ಇಳಿಸಿ ಮತ್ತೆ ನೋಡಿ, ಬಿಗಿ ತಿರುವಿನಲ್ಲಿ ಉದ್ದ ಗೆರೆ ಸುಳ್ಳು ಹೇಳುತ್ತದೆ. ಅತಿ ಬಿಗಿ ತಿರುವಿನ ಮಿತಿ ಬ್ರಾಡ್‌ಗೇಜಿಗೆ 175 ಮೀಟರ್, ಮೀಟರ್‌ಗೇಜಿಗೆ 109, ನ್ಯಾರೋಗೇಜಿಗೆ 44. ಅಂದರೆ 100 ಮೀಟರ್ ತ್ರಿಜ್ಯದ ತಿರುವು ಖಚಿತವಾಗಿ ಸಿಕ್ಕಿತು ಅಂದರೆ ಅಲ್ಲಿ ಓಡಿದ್ದು ನ್ಯಾರೋಗೇಜೇ.

ಕೋಡಿಹಳ್ಳ:
ಮಟ್ಟಗೋಲು ಹೇಳಿದ್ದಕ್ಕೆ ಕೆರೆಯ ವಿಷಯ ಸೇರಿಸಲೇಬೇಕು. ಕೋಲಾರದ ಕಡೆ ಕೆರೆಗಳು ಒಂದರ ಕೆಳಗೊಂದು ಸರಪಳಿ. ಮೇಲಿನದರ ಕೋಡಿ ಕೆಳಗಿನದಕ್ಕೆ. ರೈಲಿನ ಏರಿ ಈ ಸರಪಳಿಯನ್ನು ಅಡ್ಡ ಕಡಿಯುತ್ತದೆ. ಮೋರಿಯ ಬಾಯಿ ಅಳತೆ ಮಾಡುವಾಗ ಆ ಹಳ್ಳದ ಸ್ವಂತ ಮಳೆನೀರು ಲೆಕ್ಕ ಹಾಕಿದರೆ ಸಾಲದು. ಮೇಲಿನ ಒಂದು ಕೆರೆ ಒಡೆದರೆ ಆ ನೀರು ಮುಂದಿನದನ್ನು ಒಡೆಯುತ್ತದೆ, ಎರಡು ಮೂರು ಕೆರೆಯ ನೀರು ಒಟ್ಟಿಗೆ ರೈಲಿನ ಏರಿಗೆ ಬರುತ್ತದೆ. ಮೋರಿ ನುಂಗಲಾರದ ನೀರು ಏರಿಯ ಮೇಲ್ಮಗ್ಗುಲಲ್ಲಿ ನಿಲ್ಲುತ್ತದೆ, ಗರಸು ಮಣ್ಣು ನೆನೆದು ಕೆಳಮಗ್ಗುಲು ಜಾರುತ್ತದೆ. ಕೊನೆಗೆ ಏರಿ ಕೊಚ್ಚಿಹೋಗಿ ಕಂಬಿ ಮಾತ್ರ ಸ್ಲೀಪರ್ (ಕಂಬಿಗಳ ಕೆಳಗಿನ ಅಡ್ಡ ದಿಮ್ಮಿ) ಸಮೇತ ತೊಟ್ಟಿಲಂತೆ ಗಾಳಿಯಲ್ಲಿ ತೂಗುತ್ತದೆ, ಫಿಶ್‌ಪ್ಲೇಟುಗಳು (ಕಂಬಿಯಿಂದ ಕಂಬಿಗೆ ಕೂಡಿಸುವ ಪಟ್ಟಿಗಳು) ಹಿಡಿದುಕೊಂಡಿರುತ್ತವೆ. ದೂರದಿಂದ ನೋಡುವ ಡ್ರೈವರನಿಗೆ ಹಾದಿ ನೆಟ್ಟಗೇ ಕಾಣುತ್ತದೆ. ಮಳೆಗಾಲದ ರಾತ್ರಿ ಗಸ್ತು ಅಷ್ಟು ಮುಖ್ಯವಾಗಿದ್ದದ್ದು ಇದಕ್ಕೇ.

ಈ ಕಾರಣಕ್ಕೆ ‘ರೈಲ್ವೆಗೆ ಬಾಧಕವಾದ ಕೆರೆಗಳು’ ಅಂತಲೇ ಒಂದು ಪಟ್ಟಿ ಇಡುವ ಪದ್ಧತಿ ಇದೆ. ಮಳೆಗಾಲಕ್ಕೆ ಮುಂಚೆ ರೈಲ್ವೆಯವರೂ ರಾಜ್ಯದ ಇಲಾಖೆಯವರೂ ಜಂಟಿಯಾಗಿ ಹೋಗಿ ಏರಿ, ತೂಬು, ಕೋಡಿ ನೋಡಿ ಬರೆಯಬೇಕು. ಇತಿಹಾಸ ಬರೆಯುವವರಿಗೆ ಈ ಪಟ್ಟಿ ಬಂಗಾರ: ಯಾವ ಕೆರೆ ಯಾವ ಮೈಲಿಗೆ ಎದುರು ಅಂತ ಅದರಲ್ಲಿ ಇರುತ್ತದೆ, ಹಳೇ ಹಾದಿಯ ಮೈಲಿ ಲೆಕ್ಕವನ್ನು ಊರಿನ ಹೆಸರಿಗೆ ಕಟ್ಟಲು ಅದಕ್ಕಿಂತ ಒಳ್ಳೆಯ ಕೊಂಡಿ ಇಲ್ಲ. ಮೈಲಿ ಜೊತೆಗೆ ‘ಚೈನ್’ ಅಂತ ಕಂಡರೆ 80 ಚೈನಿಗೆ ಒಂದು ಮೈಲಿ, ಒಂದು ಚೈನ್ 66 ಅಡಿ, ಅಂದರೆ 20.12 ಮೀಟರ್.

ಮೋರಿ ನೋಡುವಾಗ ಚಪ್ಪಡಿಯ ಅಂಚಿಗೆ ಗಾರೆಯೋ ಸಿಮೆಂಟೋ ಗಮನಿಸಿ. ಮೂಲ ಕಣ್ಣು ಸುಣ್ಣದ ಗಾರೆಯಲ್ಲಿದ್ದು ಪಕ್ಕದ ಕಣ್ಣು ಸಿಮೆಂಟಿನಲ್ಲಿದ್ದರೆ, ನಡುವೆ ಯಾವುದೋ ಪ್ರವಾಹದ ನಂತರ ಬಾಯಿ ದೊಡ್ಡದು ಮಾಡಿದ್ದಾರೆ ಅಂತ ಅರ್ಥ. ಆ ಊರಲ್ಲಿ ಕೆರೆ ಒಡೆದ ನೆನಪು ಕೇಳಿ, ಇಸವಿ ಅಲ್ಲಿ ಸಿಗುತ್ತದೆ.

ಹಳೇಹಳಿ:
ಒಂದು ಕೇಳಲೇಬೇಕಾದದ್ದು: ಚಿನ್ನದ ಗಣಿಗೆ 1894ರಲ್ಲೇ ಬ್ರಾಡ್‌ಗೇಜ್, ಜಿಲ್ಲಾ ಕೇಂದ್ರವಾದ ಕೋಲಾರಕ್ಕೆ 1913ರಲ್ಲಿ, ಅದೂ ನ್ಯಾರೋಗೇಜ್. ಯಾಕೆ?

ದಫ್ತರ:
ತೂಕ. 1902ರಲ್ಲಿ ಶಿವನಸಮುದ್ರದ ಕರೆಂಟು ಬರುವ ತನಕ ಗಣಿ ನಡೆದದ್ದು ಉಗಿಯ ಮೇಲೆ, ಉಗಿಗೆ ಕಲ್ಲಿದ್ದಲು, ಸೌದೆ ಬೇಕು. ಅದರ ಜೊತೆ ಭಾರೀ ಯಂತ್ರಗಳು ಮದ್ರಾಸಿನ ಬಂದರಿನಿಂದ ಬರಬೇಕು. ಅವನ್ನು ಬೌರಿಂಗ್‌ಪೇಟೆಯಲ್ಲಿ ಇಳಿಸಿ ಮತ್ತೆ ಹತ್ತಿಸುವ ಮಾತೇ ಇಲ್ಲ. ಕೋಲಾರದಿಂದ ಹೊರಡುವುದು ಮೂಟೆ ಸರಕು, ಕೂಲಿಯವನ ಬೆನ್ನ ಮೇಲೆ ಗಾಡಿಯಿಂದ ಗಾಡಿಗೆ ಹೋಗುತ್ತದೆ ಅಂತ ಲೆಕ್ಕ.

ಗ್ಯಾಂಗ್‌ಮೇಟ್:
ಕಬ್ಬಿಣದ ಲೆಕ್ಕವನ್ನೂ ನೋಡಿ. ಒಂದು ಮೈಲಿಗೆ ಎರಡು ಸಾಲು ಕಂಬಿ, 1760 ಗಜ. ಗಜಕ್ಕೆ 75 ಪೌಂಡಾದರೆ ಮೈಲಿಗೆ 118 ಟನ್. 50 ಪೌಂಡಿಗೆ 78½ ಟನ್. 30 ಪೌಂಡಿಗೆ 47 ಟನ್. ಫಿಶ್‌ಪ್ಲೇಟು, ಮೊಳೆ, ಬೋಲ್ಟು ಇದರ ಹೊರತು. ಸ್ಲೀಪರ್ ಕೂಡ ಹಾಗೇ: ಬ್ರಾಡ್‌ಗೇಜ್ ಮರದ ಸ್ಲೀಪರ್ 275 ಸೆಂ.ಮೀ. ಉದ್ದ, ಮೀಟರ್‌ಗೇಜಿನದು 180, ನ್ಯಾರೋಗೇಜಿನದು 150. ಜಿಲ್ಲೆಯ ಮಟ್ಟದ ಹಣದಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರದ ತನಕ ಸುಮಾರು 85 ಕಿ.ಮೀ. ಎಳೆಯಬೇಕಾದರೆ ಈ ಉಳಿತಾಯ ಇಲ್ಲದೆ ಹಾದಿಯೇ ಆಗುತ್ತಿರಲಿಲ್ಲ. ಅದನ್ನು ತಪ್ಪು ನಿರ್ಧಾರ ಅಂತ ನಾನು ಬರೆಯುವುದಿಲ್ಲ.

ಮಟ್ಟಗೋಲು:
ಇಲ್ಲಿ ನನ್ನ ಅಭಿಪ್ರಾಯ ಬೇರೆ. ಕಟ್ಟುವಾಗ ಉಳಿದದ್ದು ನಡೆಸುವಾಗ ಹೋಯಿತು. ಮೂಟೆ ಇಳಿಸಿ ಹತ್ತಿಸುವ ಕೂಲಿ, ಸೋರಿಕೆ, ಕಳವು, ಮುಂದಿನ ಗೇಜಿನ ಗಾಡಿ ಸಿಗುವ ತನಕ ಕಾಯುವುದು, ಇವು ಹಾದಿಯ ಉದ್ದಕ್ಕೆ ತಕ್ಕ ಹಾಗೆ ಕಡಿಮೆಯಾಗುವುದಿಲ್ಲ. 18 ಕಿ.ಮೀ. ಬಂದ ಮೂಟೆಗೂ ಅದೇ ಖರ್ಚು, 180 ಕಿ.ಮೀ. ಬಂದದ್ದಕ್ಕೂ ಅದೇ. ಹಾದಿ ಚಿಕ್ಕದಾದಷ್ಟೂ ಗೇಜ್ ಬದಲಾವಣೆಯ ಏಟು ಜೋರು. ಲಾರಿ ಬಂದ ಮೇಲೆ ಕೋಲಾರದ ವ್ಯಾಪಾರಿ ಅಂಗಡಿ ಬಾಗಿಲಲ್ಲೇ ಹೇರಿಸಿ ಮಾರುಕಟ್ಟೆಯಲ್ಲೇ ಇಳಿಸಬಹುದಿತ್ತು. ಇಲ್ಲಿ ರೈಲು ಸೋತದ್ದು ನಿಧಾನಕ್ಕಿಂತ ಹೆಚ್ಚಾಗಿ ಈ ಇಳಿಸು–ಹತ್ತಿಸುವಿಕೆಗೆ.

ಗ್ಯಾಂಗ್‌ಮೇಟ್:
ಒಪ್ಪುತ್ತೇನೆ, ಆದರೆ ಅದು 1913ರ ಲೆಕ್ಕವಲ್ಲ. ಆಗ ಎದುರಾಳಿ ಎತ್ತಿನ ಗಾಡಿ.

ನೀರುಗಂಬ:
ಸ್ಟೇಷನ್ ಕಟ್ಟಡಗಳ ಬಗ್ಗೆ ಯಾರೂ ಹೇಳಲಿಲ್ಲ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟಿನಲ್ಲಿ ಹಳೇ ಕಲ್ಲುಕಟ್ಟಡಗಳು ಉಳಿದಿವೆ, ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಇನ್‌ಟ್ಯಾಕ್ ಸಂಸ್ಥೆ ದುರಸ್ತಿಯ ಕೆಲಸಕ್ಕೆ ಕೈ ಹಾಕಿದೆ. ಅಲ್ಲಿಂದ ಶುರು ಮಾಡಿದರೆ ಮೂಲ ನಕಾಶೆ ಹೇಗಿತ್ತು ಅಂತ ಕಣ್ಣಿಗೆ ರೂಢಿಯಾಗುತ್ತದೆ.

ಕಟ್ಟಡ ಹೋಗಿದ್ದರೂ ನೀರಿನ ತೊಟ್ಟಿಯ ಕಲ್ಲುಕಟ್ಟೆ ಉಳಿದಿರುತ್ತದೆ. ಎರಕದ ತಗಡುಗಳನ್ನು ಬೋಲ್ಟು ಹಾಕಿ ಕೂಡಿಸಿದ ತೊಟ್ಟಿ ಇನ್ನೂ ಮೇಲಿದ್ದರೆ ತಗಡು ಎಣಿಸಿ. ತಗಡು 4 ಅಡಿ ಚೌಕವಾಗಿದ್ದು ಉದ್ದಕ್ಕೆ ಮೂರು, ಅಗಲಕ್ಕೆ ಮೂರು, ಎತ್ತರಕ್ಕೆ ಒಂದು ಇದ್ದರೆ 12×12×4, ಅಂದರೆ 576 ಘನ ಅಡಿ, ಸುಮಾರು 16,300 ಲೀಟರ್. ನೀರು ಎಲ್ಲಿಂದ ಬರುತ್ತಿತ್ತು ಅನ್ನುವುದನ್ನೂ ನೋಡಿ. ಬಾವಿಯ ಗಡಸು ನೀರು ಬಾಯ್ಲರಿನ ಕೊಳವೆಗಳ ಮೇಲೆ ಸುಣ್ಣದ ಹೊಪ್ಪಳೆ ಕಟ್ಟುತ್ತದೆ, ಸೌದೆ ಕಲ್ಲಿದ್ದಲು ಹೆಚ್ಚು ತಿನ್ನುತ್ತದೆ, ಮೇಲಿಂದ ಮೇಲೆ ಬಾಯ್ಲರ್ ಬಿಚ್ಚಿ ತೊಳೆಯಬೇಕಾಗುತ್ತದೆ. ಪಕ್ಕದಲ್ಲೇ ಬಾವಿ ಇದ್ದೂ ದೂರದ ಕೆರೆಯಿಂದ ಪೈಪು ಎಳೆದಿದ್ದರೆ ಕಾರಣ ಹೆಚ್ಚಾಗಿ ಇದೇ.

ಹಳೇಹಳಿ:
ಎಲ್ಲರ ಅಳತೆಗಳನ್ನೂ ಒಂದು ನಮೂನೆ ಹಾಳೆಗೆ ಇಳಿಸುತ್ತಿದ್ದೇನೆ. ಒಂದು ವಸ್ತು ಬಾಕಿ: ಚಿಕ್ಕಬಳ್ಳಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಬಾಗಿಲವಾಡವಾಗಿರುವ ಹಳೇ ಸ್ಲೀಪರ್. ತುದಿ ಕತ್ತರಿಸಿದ್ದಾರೆ, ಹಾಗಾಗಿ ಉದ್ದ ಸಿಗುವುದಿಲ್ಲ. ಮೊಳೆಯ ತೂತುಗಳು ಇವೆ.

ಗ್ಯಾಂಗ್‌ಮೇಟ್:
ತೂತುಗಳೇ ಸಾಕು. ಒಂದೊಂದು ಕಂಬಿಯ ಪಾದದ ಎರಡೂ ಅಂಚಿಗೆ ಮೊಳೆ ಬೀಳುತ್ತದೆ. ಒಳಗಿನ ಎರಡು ತೂತುಗಳ ನಡುವಿನ ದೂರ ಮತ್ತು ಹೊರಗಿನ ಎರಡರ ದೂರ ಬರೆದುಕೊಳ್ಳಿ. ನ್ಯಾರೋಗೇಜ್ 762 ಮಿ.ಮೀ.ಗೆ 30 ಪೌಂಡ್ ಕಂಬಿಯಾದರೆ ಒಳ ಜೋಡಿ ಸುಮಾರು 71 ಸೆಂ.ಮೀ., ಹೊರ ಜೋಡಿ 90. ಮೀಟರ್‌ಗೇಜಿಗೆ 50 ಪೌಂಡ್ ಕಂಬಿಯಾದರೆ 94 ಮತ್ತು 117. ಬ್ರಾಡ್‌ಗೇಜಿಗೆ 90 ಪೌಂಡಾದರೆ 159 ಮತ್ತು 190. ಮೊಳೆ ಸಡಿಲವಾದಾಗ ಪಕ್ಕದಲ್ಲೇ ಹೊಸ ತೂತು ಕೊರೆದು ಹಳೆಯದಕ್ಕೆ ಮರದ ಬೆಣೆ ಬಡಿಯುತ್ತಿದ್ದರು. ಬೆಣೆ ಇರುವ ತೂತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಆದರೆ ಬೇರೆ ಜೋಡಿಯಾಗಿ.

ಹಳೇಹಳಿ:
ಒಳ ಜೋಡಿ 94, ಹೊರ ಜೋಡಿ 116½. ನಾಲ್ಕರಲ್ಲಿ ಎರಡಕ್ಕೆ ಬೆಣೆ ಇದೆ.

ಗ್ಯಾಂಗ್‌ಮೇಟ್:
ಹಾಗಾದರೆ ಅದು ಚಿಕ್ಕಬಳ್ಳಾಪುರದ ಸಣ್ಣ ರೈಲಿನದಲ್ಲ, ಮೀಟರ್‌ಗೇಜಿನದು. ಹತ್ತಿರದ ಮೀಟರ್‌ಗೇಜ್ ಅಂದರೆ ಯಶವಂತಪುರದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರಿನ ಮೇಲೆ ಹಿಂದೂಪುರಕ್ಕೆ ಹೋಗುತ್ತಿದ್ದದ್ದು. ಹಾಳೆಯಲ್ಲಿ ‘ಸಿಕ್ಕ ಜಾಗ’ ಮತ್ತು ‘ಬಂದ ಹಾದಿ’ ಅಂತ ಎರಡು ಕಾಲಂ ಮಾಡಿ, ಇದನ್ನು ಎರಡನೆಯದರಲ್ಲಿ ಗೌರಿಬಿದನೂರಿನ ಹಾದಿಯ ಎದುರಿಗೆ ಪೆನ್ಸಿಲಿನಲ್ಲಿ ಬರೆಯಿರಿ. ಹರಾಜಿನ ಚೀಟಿ ಆ ಮನೆಯವರ ಹತ್ತಿರ ಇದೆಯಾ ಅಂತ ಕೇಳಿ ನೋಡಿ. ಸಿಕ್ಕರೆ ಶಾಯಿಯಲ್ಲಿ ಬರೆಯಬಹುದು.